ಚೀಲದ ಆಕಾರ, ಗಡ್ಡೆ, ಬಾಯಿಯ ಸಡಿಲಿಕೆ: ಬಸಿರು ನಿಲ್ಲುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಹೆಣ್ಣುಮಕ್ಕಳು, ಅವರ ತಾಯಿ-ಅತ್ತೆಯರು, ಗಂಡಂದಿರು ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇವೆ. ಗರ್ಭಕೋಶವನ್ನು ನಮ್ಮ ಕಡೆ ಕರೆಯುವ ಹಾಗೆ ಇಲ್ಲಿಯೂ 'ಚೀಲ' ಎಂದೇ ಕರೆದಿದ್ದೇವೆ. 'ಬಾಯಿ' ಎಂದರೆ ಆ ಚೀಲದ ಕೆಳತುದಿಯ ಗರ್ಭಕಂಠ.

ಓದುವ ಮುಂಚೆ ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ಹಿಂದಿನ ಪ್ರತಿ ಬಸಿರು ಎಷ್ಟನೇ ವಾರಕ್ಕೆ ಹೋಯಿತು, ಮೊದಲು ಬಂದದ್ದು ನೋವೋ, ರಕ್ತವೋ, ನೀರೋ, ಕೂಸಿನ ಎದೆಬಡಿತ ಸ್ಕ್ಯಾನಿಂಗ್‌ನಲ್ಲಿ ಕಂಡಿತ್ತೋ ಇಲ್ಲವೋ. ಮುಂದಿನ ಬಹಳಷ್ಟು ಉತ್ತರಗಳು ಆ ಹಾಳೆಯ ಮೇಲೆ ನಿಂತಿವೆ.

ಚೀಲ ಅಂದ್ರ ಎಷ್ಟು ದೊಡ್ಡದಿರ್ತೈತಿ? ಅದರಾಗ ಏನೇನು ಕೆಡಬಹುದು?

ಹೆರಿಗೆಯಾಗದ ಹೆಣ್ಣುಮಗಳ ಚೀಲ ಸುಮಾರು 7.5 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, 50ರಿಂದ 60 ಗ್ರಾಂ ತೂಕ. ದಿನ ತುಂಬುವ ಹೊತ್ತಿಗೆ ಅದೇ ಚೀಲ ಹತ್ತಿರ ಹತ್ತಿರ ಒಂದು ಕಿಲೋ ತೂಗುತ್ತದೆ. ಹಿಗ್ಗಲು ಜಾಗ ಬೇಕು, ಕೂಸಿನ ಬೇರು ಊರಲು ಒಳ್ಳೆಯ ಒಳಪದರ ಬೇಕು, ಒಂಬತ್ತು ತಿಂಗಳು ಮುಚ್ಚಿಕೊಂಡಿರುವ ಬಾಯಿ ಬೇಕು. ಜಾಗದ ತೊಂದರೆ ಎಂದರೆ ಹುಟ್ಟಿನಿಂದ ಬಂದ ಆಕಾರದೋಷ ಅಥವಾ ಒಳಕ್ಕೆ ಚಾಚಿದ ಗಡ್ಡೆ. ಪದರದ ತೊಂದರೆ ಎಂದರೆ ಅಂಟಿಕೆ (ಒಳಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುವುದು), ಕ್ಷಯ, ಹಳೆಯ ಗಾಯ. ಬಾಯಿಯ ತೊಂದರೆ ಎಂದರೆ ಸಡಿಲಿಕೆ. ಈ ಮೂರಕ್ಕೂ ಪರೀಕ್ಷೆ ಬೇರೆ, ಚಿಕಿತ್ಸೆ ಬೇರೆ. 'ಚೀಲ ವೀಕ್ ಐತಿ' ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಕಟ್ಟಿಬಿಟ್ಟರೆ ಚಿಕಿತ್ಸೆ ದಾರಿ ತಪ್ಪುತ್ತದೆ.

ಎರಡು ಸಲ ಹೊಟ್ಟಿ ಇಳದೈತ್ರಿ. ಚೀಲದ್ದ ದೋಷ ಅನ್ನಬೇಕೇನು?

ಅದಕ್ಕೇ ವಾರ ಬರೆಯಿರಿ ಎಂದದ್ದು. ಹತ್ತು ವಾರದೊಳಗೆ, ಎದೆಬಡಿತ ಕಾಣುವ ಮುಂಚೆಯೇ ಹೋದ ಬಸಿರುಗಳಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚಿನವು ಭ್ರೂಣದ ವರ್ಣತಂತುಗಳು ಸರಿಯಾಗಿ ಕೂಡದೆ ಹೋದಂಥವು. ಅದರಲ್ಲಿ ತಾಯಿಯ ಚೀಲದ ಪಾತ್ರವಿಲ್ಲ. ಎದೆಬಡಿತ ಕಂಡ ಮೇಲೆ, ಎಂಟರಿಂದ ಹದಿನಾರು ವಾರದ ನಡುವೆ ಮತ್ತೆ ಮತ್ತೆ ಹೋಗುತ್ತಿದ್ದರೆ ಒಳಗೋಡೆಯ ಅಡ್ಡಪರದೆ, ಒಳಕ್ಕೆ ಚಾಚಿದ ಗಡ್ಡೆ, ಅಂಟಿಕೆ ಇವನ್ನು ಹುಡುಕಬೇಕು. ಜೊತೆಗೆ ಥೈರಾಯ್ಡ್, ಸಕ್ಕರೆ, ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳ ಪರೀಕ್ಷೆಯೂ ಆಗಬೇಕು. ಹದಿನಾರರಿಂದ ಇಪ್ಪತ್ತನಾಲ್ಕು ವಾರದಲ್ಲಿ ಹೆಚ್ಚು ನೋವಿಲ್ಲದೆ, ಜೀವಂತ ಕೂಸು ಜಾರಿ ಬಂದಿದ್ದರೆ ಮೊದಲ ಅನುಮಾನ ಬಾಯಿಯ ಮೇಲೆ. ಏಳು-ಎಂಟು ತಿಂಗಳಿಗೇ ಹೆರಿಗೆ, ಪ್ರತಿ ಸಲವೂ ಕೂಸು ಅಡ್ಡ ಅಥವಾ ಕಾಲು ಕೆಳಗೆ ಎಂದಾದರೆ ಚೀಲದ ಆಕಾರ ನೋಡಬೇಕು.

ಒಂದೇ ಸಲ, ಅದೂ ಮೊದಲ ಎರಡು-ಮೂರು ತಿಂಗಳಲ್ಲಿ ಹೋದದ್ದಕ್ಕೆ ಚೀಲದ ಶಸ್ತ್ರಚಿಕಿತ್ಸೆಗೆ ಓಡಬೇಡಿ. ಎರಡು ಸಲ ಹೋದರೆ ತಪಾಸಣೆ ಶುರುಮಾಡುವುದು ಈಗಿನ ಪದ್ಧತಿ. ಐದನೇ ತಿಂಗಳ ನಷ್ಟವಾದರೆ ಒಂದೇ ಸಾಕು, ಎರಡನೆಯದಕ್ಕೆ ಕಾಯಬಾರದು.

ಹುಟ್ಟಿನ ಆಕಾರದೋಷ ಸಾಮಾನ್ಯ ಹೆಣ್ಣುಮಕ್ಕಳಲ್ಲಿ ನೂರಕ್ಕೆ 5-6 ಜನರಲ್ಲಿ, ಮೇಲಿಂದ ಮೇಲೆ ಬಸಿರು ಕಳೆದುಕೊಂಡವರಲ್ಲಿ ನೂರಕ್ಕೆ ಸುಮಾರು 13 ಜನರಲ್ಲಿ ಕಾಣುತ್ತದೆ. ಅಂದರೆ ದೋಷವಿದ್ದೂ ಸುಖವಾಗಿ ಹೆತ್ತವರು ಬಹಳ. ಮೇಲಿಂದ ಮೇಲೆ ಕಳೆದುಕೊಂಡವರಲ್ಲೂ ಹೆಚ್ಚಿನವರ ಚೀಲ ಸರಿಯಾಗಿಯೇ ಇರುತ್ತದೆ.

ಯಾವ ಸ್ಕ್ಯಾನಿಂಗ್ ಮಾಡಿಸಬೇಕು? ಯಾವ ದಿನ?

ಒಳಗಿನಿಂದ ಮಾಡುವ ಯೋನಿ ಸ್ಕ್ಯಾನಿಂಗ್ ಮೊದಲು. ಅದಕ್ಕೆ ಮೂತ್ರ ಖಾಲಿ ಮಾಡಿ ಹೋಗಬೇಕು. ಮೂತ್ರ ತುಂಬಿಸಿಕೊಳ್ಳುವುದು ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನಿಂಗ್‌ಗೆ. ಆಕಾರ ಸ್ಪಷ್ಟವಾಗಬೇಕಾದರೆ ತ್ರೀ-ಡಿ ಸ್ಕ್ಯಾನಿಂಗ್ ಬೇಕು. ಅದನ್ನು ಮುಟ್ಟಾದ 18ರಿಂದ 24ನೇ ದಿನದ ನಡುವೆ ಮಾಡಿಸುವುದು ಒಳ್ಳೆಯದು. ಆಗ ಒಳಪದರ ದಪ್ಪವಾಗಿ, ಚೀಲದ ಒಳಗಿನ ಅಂಚು ಬೆಳ್ಳಗೆ ಎದ್ದು ಕಾಣುತ್ತದೆ. ಮುಟ್ಟು ಮುಗಿದ ತಕ್ಷಣ ಮಾಡಿಸಿದರೆ ಪದರ ತೆಳುವಾಗಿದ್ದು ಚಿತ್ರ ಮಂಕಾಗಿ ಬರುತ್ತದೆ.

ಎಚ್‌ಎಸ್‌ಜಿ ಎಂಬುದು ಎಕ್ಸ್-ರೇ. ಬಾಯಿಯ ಮೂಲಕ ಬಣ್ಣದ ದ್ರವ ಬಿಟ್ಟು, ಅದು ಚೀಲ ತುಂಬಿ ಅಂಡನಾಳಗಳಿಂದ ಹೊರಬರುವುದನ್ನು ನೋಡುತ್ತಾರೆ. ಮುಟ್ಟಿನ 6ರಿಂದ 10ನೇ ದಿನದೊಳಗೆ, ರಕ್ತಸ್ರಾವ ಪೂರ್ತಿ ನಿಂತ ಮೇಲೆ, ಆ ತಿಂಗಳು ಬಸಿರಿನ ಸಾಧ್ಯತೆ ಇಲ್ಲ ಎಂದು ಖಚಿತವಾದ ಮೇಲೆಯೇ ಮಾಡಿಸಬೇಕು. ಮುಟ್ಟಿನ ಹಾಗೆ ಹಿಂಡಿದ ನೋವು ಹತ್ತಿಪ್ಪತ್ತು ನಿಮಿಷ ಇರುತ್ತದೆ. ಒಂದು ತಾಸು ಮುಂಚೆ ವೈದ್ಯರು ಹೇಳಿದ ನೋವಿನ ಗುಳಿಗೆ ತೆಗೆದುಕೊಂಡರೆ ತಡೆಯಬಹುದು. ಮನೆಗೆ ಬಂದ ಮೇಲೆ ಜ್ವರ ಅಥವಾ ಕೆಟ್ಟ ವಾಸನೆಯ ಸ್ರಾವ ಕಂಡರೆ ಅದೇ ದಿನ ವಾಪಸ್ ಹೋಗಿ.

ಇಲ್ಲಿ ಒಂದು ದೊಡ್ಡ ತಪ್ಪು ಆಗುತ್ತದೆ. ಎಚ್‌ಎಸ್‌ಜಿ ಚೀಲದ ಒಳಗಿನ ನೆರಳನ್ನಷ್ಟೇ ತೋರಿಸುತ್ತದೆ, ಹೊರಗಿನ ಮೈಯನ್ನಲ್ಲ. ನೆರಳು ಎರಡು ಕವಲಾಗಿ ಕಂಡರೆ ಅದು ಒಳಪರದೆಯೂ ಇರಬಹುದು, ಎರಡು ಕೊಂಬಿನ ಚೀಲವೂ ಇರಬಹುದು. ಮೊದಲನೆಯದನ್ನು ಒಳಗಿನಿಂದ ಕತ್ತರಿಸಬಹುದು. ಎರಡನೆಯದನ್ನು ಕತ್ತರಿಸಹೋದರೆ ಚೀಲಕ್ಕೆ ತೂತು ಬೀಳುತ್ತದೆ. ಎಚ್‌ಎಸ್‌ಜಿ ಒಂದನ್ನೇ ನೋಡಿ ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟರೆ, 'ಹೊರಮೈ ಹೆಂಗೈತಿ ಅಂತ ತ್ರೀ-ಡಿ ಸ್ಕ್ಯಾನಿಂಗ್ ಅಥವಾ ಎಂಆರ್‌ಐ ಮಾಡಿಸೋಣ್ರಿ' ಎಂದು ಕೇಳಿ. ಅನುಮಾನ ಉಳಿದರೆ ದುರ್ಬೀನಿನಿಂದ ಚೀಲದ ಒಳಗೂ ಹೊಟ್ಟೆಯ ಒಳಗೂ ಒಂದೇ ಸಲ ನೋಡುತ್ತಾರೆ.

ವರದಿಯೊಳಗ 'ಸೆಪ್ಟೇಟ್', 'ಬೈಕಾರ್ನುಯೇಟ್', 'ಆರ್ಕುಯೇಟ್' ಅಂತ ಬರದೈತಿ. ಹಂಗಂದ್ರ?

ಹೆಣ್ಣುಕೂಸು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅದರ ಚೀಲ ಎರಡು ನಾಳಗಳು ಕೂಡಿ ಆಗುತ್ತದೆ. ಕೂಡಿದ ಮೇಲೆ ನಡುವಿನ ಗೋಡೆ ಕರಗಬೇಕು. ನಾಳಗಳು ಕೂಡಿ, ಗೋಡೆ ಮಾತ್ರ ಕರಗದೆ ಉಳಿದರೆ ಸೆಪ್ಟೇಟ್. ಆಗ ಹೊರಮೈ ನೆಟ್ಟಗಿರುತ್ತದೆ, ಒಳಗೆ 1 ಸೆಂ.ಮೀ.ಗಿಂತ ಹೆಚ್ಚು ಇಳಿದ ಚೂಪು ಪರದೆ ಇರುತ್ತದೆ. ಮೇಲ್ಭಾಗದಲ್ಲಿ ನಾಳಗಳೇ ಪೂರ್ತಿ ಕೂಡದಿದ್ದರೆ ಬೈಕಾರ್ನುಯೇಟ್. ಹೊರಗಿನಿಂದಲೇ 1 ಸೆಂ.ಮೀ.ಗಿಂತ ಆಳದ ಕಣಿವೆ ಇದ್ದು ಚೀಲಕ್ಕೆ ಎರಡು ಕೊಂಬು ಇರುತ್ತವೆ. ಆರ್ಕುಯೇಟ್ ಎಂದರೆ ಒಳಛಾವಣಿ ತುಸು ಬಾಗಿದೆ, ಅಷ್ಟೇ. ಅದನ್ನು ಸಹಜದ ಒಂದು ಬಗೆ ಎಂದೇ ಎಣಿಸಬೇಕು, ಚಿಕಿತ್ಸೆ ಬೇಡ. ಈ ಒಂದು ಪದ ಓದಿ ತಿಂಗಳುಗಟ್ಟಲೆ ಅತ್ತವರಿದ್ದಾರೆ. ಆ ಅಳು ಅವರಿಗೆ ಬರಬೇಕಾದ್ದಲ್ಲ.

ಪರದೆ ಕತ್ತರಿಸಿದ್ರ ಬಸಿರು ನಿಲ್ತೈತೇನು?

ಖಚಿತವಾಗಿ ಹೌದು ಎನ್ನುವ ಹಾಗಿಲ್ಲ. ಪರದೆಯಲ್ಲಿ ರಕ್ತಸಂಚಾರ ಕಡಿಮೆ, ಅಲ್ಲಿ ಬೇರೂರಿದ ಕೂಸು ನಿಲ್ಲುವುದಿಲ್ಲ ಎಂಬ ತರ್ಕದಿಂದ ದಶಕಗಳಿಂದ ಕತ್ತರಿಸುತ್ತ ಬಂದಿದ್ದಾರೆ. 2021ರಲ್ಲಿ ಪ್ರಕಟವಾದ, 80 ಹೆಣ್ಣುಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿದ ಅಧ್ಯಯನದಲ್ಲಿ ಕತ್ತರಿಸಿದವರಿಗೆ ಹೆಚ್ಚು ಮಕ್ಕಳು ಉಳಿದದ್ದು ಕಾಣಲಿಲ್ಲ. ಅದು ಸಣ್ಣ ಅಧ್ಯಯನ, ಹಾಗಾಗಿ ಚರ್ಚೆ ಮುಗಿದಿಲ್ಲ. ನಮ್ಮ ಅಭಿಪ್ರಾಯ: ಎರಡು ಅಥವಾ ಹೆಚ್ಚು ಬಸಿರು ಹೋಗಿ, ಬೇರೆ ಕಾರಣ ಸಿಗದೆ, ಪರದೆ ಉದ್ದವಾಗಿದ್ದರೆ ಕತ್ತರಿಸುವುದನ್ನು ವೈದ್ಯರೊಡನೆ ಕೂತು ಯೋಚಿಸಬಹುದು. ಇನ್ನೂ ಬಸಿರೇ ಆಗದ, ಏನನ್ನೂ ಕಳೆದುಕೊಳ್ಳದ ಹೊಸ ಮದುಮಗಳಿಗೆ ಅವಸರ ಬೇಡ.

ಮಾಡುವ ಕ್ರಮ ಹೀಗಿದೆ. ಮುಟ್ಟು ಮುಗಿದ ಕೆಲ ದಿನಗಳಲ್ಲೇ, ಪದರ ತೆಳುವಾಗಿದ್ದಾಗ, ಬಾಯಿಯ ಮೂಲಕ ತೆಳು ದುರ್ಬೀನು ಇಳಿಸಿ, ಸಲೈನ್ ತುಂಬಿ ಚೀಲ ಉಬ್ಬಿಸಿ, ಸಣ್ಣ ಕತ್ತರಿಯಿಂದ ಅಥವಾ ವಿದ್ಯುತ್ ತಂತಿಯಿಂದ ಪರದೆಯನ್ನು ನಡುವೆ ಸೀಳುತ್ತಾರೆ. ಎರಡೂ ಅಂಡನಾಳಗಳ ಬಾಯಿ ಒಂದೇ ನೋಟಕ್ಕೆ ಕಂಡಾಗ ನಿಲ್ಲಿಸುತ್ತಾರೆ. ಒಳಗೆ ಬಿಟ್ಟ ಸಲೈನ್ ಎಷ್ಟು, ಹೊರಬಂದದ್ದೆಷ್ಟು ಎಂದು ಲೆಕ್ಕ ಇಡಲೇಬೇಕು. ವ್ಯತ್ಯಾಸ 2.5 ಲೀಟರ್ ಮುಟ್ಟಿದರೆ ಕೆಲಸ ನಿಲ್ಲಿಸಬೇಕು, ಇಲ್ಲವಾದರೆ ನೀರು ಶ್ವಾಸಕೋಶಕ್ಕೆ ಏರುತ್ತದೆ. ಹೆಚ್ಚಿನವರು ಅದೇ ದಿನ ಅಥವಾ ಮರುದಿನ ಮನೆಗೆ ಹೋಗುತ್ತಾರೆ. ಒಂದೆರಡು ತಿಂಗಳಿಗೆ ಮತ್ತೊಮ್ಮೆ ಒಳಗೆ ನೋಡಿ ಅಂಟಿಕೆ ಇಲ್ಲವೆಂದ ಮೇಲೆ ಬಸಿರಿಗೆ ಪ್ರಯತ್ನಿಸಬಹುದು. ಅತಿಯಾಗಿ ಕತ್ತರಿಸಿದರೆ ಛಾವಣಿ ತೆಳುವಾಗಿ ಮುಂದಿನ ಬಸಿರಿನಲ್ಲಿ ಬಿರಿಯುವ ಭಯವಿದೆ. ಆದ್ದರಿಂದ ಅರ್ಧ ಸೆಂಟಿಮೀಟರ್ ಉಳಿಸಿದರೂ ತಪ್ಪಲ್ಲ.

ಅರ್ಧಾ ಚೀಲ ಅಷ್ಟ ಐತಿ ಅಂದಾರ. ಮಕ್ಕಳಾಗ್ತಾವೇನ್ರಿ?

ಆಗುತ್ತವೆ. ಒಂದು ಕಡೆಯ ನಾಳ ಮಾತ್ರ ಬೆಳೆದ ಇಂಥ ಚೀಲ ಸಣ್ಣದು, ಆದ್ದರಿಂದ ಬಸಿರು ಹೋಗುವ, ಬೇಗ ಹೆರಿಗೆಯಾಗುವ, ಕೂಸು ಉಲ್ಟಾ ಇರುವ ಸಾಧ್ಯತೆ ಹೆಚ್ಚು. ಶಸ್ತ್ರಚಿಕಿತ್ಸೆಯಿಂದ ಅದನ್ನು ದೊಡ್ಡದು ಮಾಡಲಾಗದು. ಹತ್ತಿರದ ನಿಗಾ ಒಂದೇ ದಾರಿ.

ಆದರೆ ಎರಡು ವಿಷಯ ಬಿಡಬಾರದು. ಮೂತ್ರಪಿಂಡ ಮತ್ತು ಚೀಲ ಒಟ್ಟೊಟ್ಟಿಗೆ ಬೆಳೆಯುವುದರಿಂದ ಇವರಲ್ಲಿ ಸುಮಾರು ನೂರಕ್ಕೆ 40 ಜನರಿಗೆ ಮೂತ್ರಪಿಂಡದ ದೋಷವೂ ಇರುತ್ತದೆ, ಕೆಲವರಿಗೆ ಒಂದೇ ಇರುತ್ತದೆ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಎರಡೂ ಕಿಡ್ನಿ ನೋಡಿಸಿ. ಇನ್ನೊಂದು, ಬೆಳೆಯದೆ ಉಳಿದ ಮತ್ತೊಂದು ಕೊಂಬು. ಅದರೊಳಗೆ ಟೊಳ್ಳಿದ್ದರೆ ಅಲ್ಲಿ ಬಸಿರು ನಿಂತು, ಹೆಚ್ಚಾಗಿ ನಾಲ್ಕು-ಐದನೇ ತಿಂಗಳಲ್ಲಿ ಬಿರಿದು, ಹೊಟ್ಟೆಯೊಳಗೆ ರಕ್ತ ಸುರಿದು ತಾಯಿಯ ಜೀವಕ್ಕೇ ಬರುತ್ತದೆ. ಅಂಥ ಕೊಂಬನ್ನು ಬಸಿರಿಗೆ ಮುಂಚೆಯೇ ತೆಗೆಸುವುದು ಕ್ಷೇಮ. ಬಸಿರಾದರೆ 6-7 ವಾರಕ್ಕೇ ಸ್ಕ್ಯಾನಿಂಗ್ ಮಾಡಿಸಿ, ಕೂಸು ಯಾವ ಕಡೆ ಕೂತಿದೆ ಎಂದು ಖಚಿತಪಡಿಸಿಕೊಳ್ಳಿ.

ಎರಡು ಚೀಲ, ಎರಡು ಬಾಯಿ ಇದ್ರ?

ಒಂದು ಚೀಲದಲ್ಲಿ ಬಸಿರು ನಿಂತು ಬೆಳೆಯಬಹುದು, ಕೂಡಿಸುವ ಶಸ್ತ್ರಚಿಕಿತ್ಸೆ ಬೇಡ. ಇಲ್ಲಿಯೂ ಕಿಡ್ನಿ ನೋಡಿಸಬೇಕು. ಒಂದು ಬದಿಯ ಯೋನಿ ಮುಚ್ಚಿದ್ದರೆ ಮೈನೆರೆದ ಹುಡುಗಿಗೆ ಮುಟ್ಟು ಬರುತ್ತಿದ್ದರೂ ತಿಂಗಳು ತಿಂಗಳು ಒಂದೇ ಮಗ್ಗುಲಲ್ಲಿ ನೋವು ಹೆಚ್ಚುತ್ತ ಹೋಗುತ್ತದೆ. 'ಮುಟ್ಟಿನ ನೋವು, ಮದುವಿ ಆದ್ರ ಹೋಗ್ತೈತಿ' ಎಂದು ಅವಳನ್ನು ಸುಮ್ಮನಿರಿಸಬೇಡಿ. ಒಳಗೆ ರಕ್ತ ಕಟ್ಟಿಕೊಳ್ಳುತ್ತಿರುತ್ತದೆ.

ಚೀಲ ಹಿಂದಕ್ಕ ಬಾಗೈತಿ ಅಂದ್ರು. ಅದಕ್ಕ ಬಸಿರು ನಿಲ್ಲವಲ್ದೇನು?

ಅಲ್ಲ. ನೂರಕ್ಕೆ 15-20 ಹೆಣ್ಣುಮಕ್ಕಳ ಚೀಲ ಹಿಂದಕ್ಕೆ ಬಾಗಿರುತ್ತದೆ. ಹನ್ನೆರಡು-ಹದಿನಾಲ್ಕು ವಾರಕ್ಕೆ ತಾನೇ ಮೇಲೆದ್ದು ಬರುತ್ತದೆ. ಬಲು ಅಪರೂಪಕ್ಕೆ ಕೆಳಗೇ ಸಿಕ್ಕಿಕೊಂಡು, 14-16 ವಾರದಲ್ಲಿ ಮೂತ್ರ ಕಟ್ಟುತ್ತದೆ. ಆಗ ನಳಿಕೆ ಹಾಕಿ ಮೂತ್ರ ತೆಗೆದು ಚೀಲವನ್ನು ಸರಿಪಡಿಸುತ್ತಾರೆ. ಇದನ್ನು ನೆಟ್ಟಗೆ ಮಾಡುತ್ತೇವೆಂದು ಹೊಟ್ಟೆ ತಿಕ್ಕುವವರ ಕಡೆ ಹೋಗಬೇಡಿ.

ಗಡ್ಡಿ ಐತ್ರಿ. ತೆಗಿಸಿ ಬಸಿರಾಗಬೇಕೋ, ಬಸಿರಾಗಿ ಆಮ್ಯಾಲೆ ನೋಡಬೇಕೋ?

ಫೈಬ್ರಾಯ್ಡ್ ಗಡ್ಡೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು ಮುಖ್ಯ. ಒಳಪದರದ ಕೆಳಗಿದ್ದು ಟೊಳ್ಳಿನೊಳಗೆ ಚಾಚಿದ್ದು 2 ಸೆಂ.ಮೀ. ಇದ್ದರೂ ತೊಂದರೆ ಕೊಡುತ್ತದೆ. ಅದನ್ನು ಹೊಟ್ಟೆ ಕೊಯ್ಯದೆ, ದುರ್ಬೀನಿನಿಂದ ಕೆಳಗಿನಿಂದಲೇ ಕೆತ್ತಿ ತೆಗೆಯಬಹುದು. ಹೊರಮೈಗೆ ಅಂಟಿಕೊಂಡ ಗಡ್ಡೆ ಲಿಂಬೆಕಾಯಿಯಷ್ಟಿದ್ದರೂ ಬಸಿರಿಗೆ ಅಡ್ಡಿಯಿಲ್ಲ. ಗೋಡೆಯ ನಡುವಿನದು ತೀರ್ಮಾನಕ್ಕೆ ಕಷ್ಟ. ಟೊಳ್ಳನ್ನು ಒತ್ತಿ ಆಕಾರ ಕೆಡಿಸಿದ್ದರೆ ತೆಗೆಯುವುದು, ಇಲ್ಲದಿದ್ದರೆ ನೋಡುತ್ತ ಇರುವುದು ಸಾಮಾನ್ಯ ದಾರಿ, 4-5 ಸೆಂ.ಮೀ. ದಾಟಿದ್ದರ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ.

ಗೋಡೆ ಕೊಯ್ದು ಗಡ್ಡೆ ತೆಗೆಸಿದ ಮೇಲೆ ಗಾಯ ಗಟ್ಟಿಯಾಗಲು ಸಾಮಾನ್ಯವಾಗಿ ಆರು ತಿಂಗಳು ಬಸಿರು ಮುಂದೂಡಿ. ಬಿಡುಗಡೆ ಚೀಟಿಯಲ್ಲಿ 'ಟೊಳ್ಳು ತೆರೆದಿದೆಯೇ, ಎಷ್ಟು ಪದರ ಹೊಲಿಗೆ' ಎಂದು ಬರೆಸಿಕೊಳ್ಳಿ. ಟೊಳ್ಳು ತೆರೆದಿದ್ದರೆ ಮುಂದಿನ ಹೆರಿಗೆ ಸಿಜೇರಿಯನ್, ಅದೂ ನೋವು ಶುರುವಾಗುವ ಮುಂಚೆ. ಆ ಒಂದು ಸಾಲು ಇಲ್ಲದೆ ತವರಿನ ಆಸ್ಪತ್ರೆಯಲ್ಲಿ ನೋವು ಬರಲು ಬಿಟ್ಟರೆ ಚೀಲ ಬಿರಿಯಬಹುದು. ರಕ್ತನಾಳ ಮುಚ್ಚಿ ಗಡ್ಡೆ ಒಣಗಿಸುವ ಎಂಬೊಲೈಸೇಶನ್, ಮುಂದೆ ಮಕ್ಕಳು ಬೇಕೆನ್ನುವವರಿಗೆ ಸಾಮಾನ್ಯವಾಗಿ ಸೂಕ್ತವಲ್ಲ. ಗಡ್ಡೆ ಕುಗ್ಗಿಸುವ ಚುಚ್ಚುಮದ್ದಿನ ಪರಿಣಾಮ ತಾತ್ಕಾಲಿಕ, ನಿಲ್ಲಿಸಿದರೆ ಮತ್ತೆ ಬೆಳೆಯುತ್ತದೆ.

ಬಸಿರಾದ ಮ್ಯಾಲೆ ಗಡ್ಡಿ ನೋವು ಶುರುವಾದ್ರ?

ಮೂರರಿಂದ ಐದು ತಿಂಗಳಲ್ಲಿ ಗಡ್ಡೆ ಬೇಗ ಬೆಳೆದು, ಒಳಗೆ ರಕ್ತ ಸಾಲದೆ ಕೆಂಪಾಗಿ ಕೆಡುತ್ತದೆ. ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸುವಂಥ ನೋವು, ಸಣ್ಣ ಜ್ವರ, ವಾಂತಿ. ನೋಡಲು ಭಯವಾದರೂ ವಿಶ್ರಾಂತಿ, ನೀರು, ಪ್ಯಾರಾಸಿಟಮಾಲ್‌ನಿಂದ ವಾರದೊಳಗೆ ಹೆಚ್ಚಿನವರಿಗೆ ತಗ್ಗುತ್ತದೆ. ಮೆಡಿಕಲ್ ಅಂಗಡಿಯಿಂದ ಡೈಕ್ಲೋಫಿನಾಕ್, ಐಬುಪ್ರೊಫೇನ್ ತಂದು ನುಂಗಬೇಡಿ. 20 ವಾರದ ನಂತರ ಅವು ಕೂಸಿನ ಕಿಡ್ನಿಗೆ ಪೆಟ್ಟುಕೊಟ್ಟು ಕೂಸಿನ ಸುತ್ತಲಿನ ನೀರು ಕಡಿಮೆ ಮಾಡುತ್ತವೆ. ಬಸಿರಿನಲ್ಲಿ ಗಡ್ಡೆ ತೆಗೆಯಲು ಕೊಯ್ಯುವುದಿಲ್ಲ, ರಕ್ತ ಹರಿದು ನಿಲ್ಲಿಸಲಾಗುವುದಿಲ್ಲ.

ಚೀಲ ತೊಳಿಸಿದ ಮ್ಯಾಲೆ ಮುಟ್ಟು ಬರೀ ಕಲೆ ಹತ್ತಿದಂಗ ಬರಾಕತ್ತೈತಿ.

ಇದು ಅಂಟಿಕೆಯ ಲಕ್ಷಣ. ಡಿ ಅಂಡ್ ಸಿ, ಅಂದರೆ ಚೀಲ ತೊಳೆಯುವ ಕೆಲಸ, ಮಾಡುವಾಗ ಗಟ್ಟಿಯಾಗಿ ಕೆರೆದರೆ ಪದರದ ಬುಡವೇ ಹೋಗಿ, ಎದುರುಬದುರು ಗೋಡೆಗಳು ಅಂಟಿಕೊಳ್ಳುತ್ತವೆ. ಹೆರಿಗೆಯಾದ ಎರಡರಿಂದ ನಾಲ್ಕು ವಾರಕ್ಕೆ ಕೆರೆದರೆ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಬಸಿರು ಹೋದಾಗ ಗುಳಿಗೆಯಿಂದ ಅಥವಾ ಕೈಪಂಪಿನ ಹೀರುನಳಿಕೆಯಿಂದ ಖಾಲಿ ಮಾಡಲು ಆಗುತ್ತದೆಯೇ ಎಂದು ಮೊದಲು ಕೇಳಿ. ಅಂಟಿಕೆಯನ್ನು ದುರ್ಬೀನಿನಿಂದ ಬಿಡಿಸುತ್ತಾರೆ. ಆಮೇಲೆ ಮತ್ತೆ ಅಂಟದಂತೆ ಒಳಗೆ ಕೆಲ ದಿನ ಬಲೂನು ಇಟ್ಟು, ಈಸ್ಟ್ರೊಜೆನ್ ಗುಳಿಗೆ ಕೊಡುವುದುಂಟು. ಬಸಿರಾದರೆ ಮಾಸು ಗೋಡೆಗೆ ಕಚ್ಚಿಕೊಳ್ಳುವ ಅಪಾಯವಿರುವುದರಿಂದ ಹೆರಿಗೆ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು.

ತೊಳೆಸಿದ್ದೇ ಇಲ್ಲ, ಆದರೂ ಮುಟ್ಟು ಕಡಿಮೆಯಾಗುತ್ತ ನಿಂತೇ ಹೋಯಿತು ಎಂದಾದರೆ ಕ್ಷಯ ನೆನಪಿರಲಿ. ಚೀಲದ ಕ್ಷಯಕ್ಕೆ ಕೆಮ್ಮು ಇರಲೇಬೇಕೆಂದಿಲ್ಲ. ಪರೀಕ್ಷೆಗೆ ಪದರದ ಚೂರು ತೆಗೆದಾಗ ಎರಡು ಬಾಟಲಿ ಬೇಕು: ಸೂಕ್ಷ್ಮದರ್ಶಕಕ್ಕೆ ಹೋಗುವುದು ಫಾರ್ಮಲಿನ್‌ನಲ್ಲಿ, ಕ್ರಿಮಿ ಬೆಳೆಸಿ ನೋಡುವ ಕಲ್ಚರ್ ಮತ್ತು ಕ್ಷಯದ ಕ್ರಿಮಿಯ ವಂಶವಾಹಿ ಹುಡುಕುವ ಸಿಬಿನಾಟ್‌ಗೆ ಹೋಗುವುದು ಬರೀ ಸಲೈನ್‌ನಲ್ಲಿ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ಕ್ರಿಮಿ ಸತ್ತು ಕಲ್ಚರ್ ಬೆಳೆಯುವುದಿಲ್ಲ. ಇಷ್ಟು ಸಣ್ಣ ತಪ್ಪಿನಿಂದ ರೋಗ ಕೈತಪ್ಪುತ್ತದೆ. ಔಷಧ ಸಾಮಾನ್ಯವಾಗಿ ಆರು ತಿಂಗಳು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಪದರ ಪೂರ್ತಿ ಸುಟ್ಟುಹೋಗಿದ್ದರೆ ಔಷಧದಿಂದ ರೋಗ ವಾಸಿಯಾದರೂ ಬಸಿರು ಕಷ್ಟ. ಅದನ್ನು ಮುಚ್ಚಿಟ್ಟು ವರ್ಷಗಟ್ಟಲೆ ದುಡ್ಡು ಸುರಿಸುವುದು ನ್ಯಾಯವಲ್ಲ.

ಐದನೇ ತಿಂಗಳಿಗೆ ನೋವಿಲ್ಲದ ಹೋತು. ಬಾಯಿ ಸಡಿಲ ಅಂದ್ರು. ಹೊಲಿಗಿ ಹಾಕಿದ್ರ ನಿಲ್ತೈತಾ?

ಬಾಯಿ ಸಡಿಲಿಕೆಯನ್ನು ಬಸಿರಿಲ್ಲದಾಗ ಕಂಡುಹಿಡಿಯುವ ನಂಬಿಗಸ್ತ ಪರೀಕ್ಷೆ ಇಲ್ಲ. ಹಿಂದಿನ ನಷ್ಟದ ಕಥೆಯೇ ಪರೀಕ್ಷೆ: ಕೆಳಗೆ ಭಾರ, ಸೊಂಟ ಸೆಳೆತ, ತಿಳಿಗೆಂಪು ಲೋಳೆ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಬಾಯಿ ತೆರೆದು ನೀರಿನ ಚೀಲ ಇಳಿದಿತ್ತು. ಹೀಗಿದ್ದರೆ ಮುಂದಿನ ಬಸಿರಿನಲ್ಲಿ ಎರಡು ದಾರಿ. ಇಂಥ ನಷ್ಟ ಮತ್ತೆ ಮತ್ತೆ ಆಗಿದ್ದರೆ 12-14 ವಾರಕ್ಕೇ ಹೊಲಿಗೆ. ಒಂದು ಸಲ ಆಗಿದ್ದರೆ ಅಥವಾ ಕಥೆ ಅಸ್ಪಷ್ಟವಾಗಿದ್ದರೆ 16ರಿಂದ 24 ವಾರದವರೆಗೆ ಎರಡು ವಾರಕ್ಕೊಮ್ಮೆ ಯೋನಿ ಸ್ಕ್ಯಾನಿಂಗ್‌ನಲ್ಲಿ ಬಾಯಿಯ ಉದ್ದ ಅಳೆಯುವುದು. ಸಾಮಾನ್ಯವಾಗಿ ಅದು 35 ಮಿ.ಮೀ. ಆಸುಪಾಸು ಇರುತ್ತದೆ, 25 ಮಿ.ಮೀ.ಗಿಂತ ಕಡಿಮೆಯಾದರೆ ಹೊಲಿಗೆ ಹಾಕುತ್ತಾರೆ. ಅಳತೆ ಮೂತ್ರ ಖಾಲಿ ಇದ್ದಾಗ, ಯಂತ್ರವನ್ನು ಒತ್ತದೆ, ಮೂರು ಸಲ ತೆಗೆದು ಅತಿ ಕಡಿಮೆಯದನ್ನು ಬರೆಯಬೇಕು. ಮೂತ್ರ ತುಂಬಿದ್ದರೆ ಬಾಯಿ ಸುಳ್ಳೇ ಉದ್ದ ಕಾಣುತ್ತದೆ. ಹೊಟ್ಟೆಯ ಮೇಲಿನಿಂದ ಅಳೆದ ಸಂಖ್ಯೆಯನ್ನು ನಂಬಿ ಕೂರಬೇಡಿ.

ಈ ಹೊಲಿಗೆಯ ಮೊದಲ ವಿಧಾನ 1955ರಲ್ಲಿ ಪ್ರಕಟಿಸಿದವರು ಗೋವಾ ಮೂಲದ, ಮುಂಬೈಯಲ್ಲಿ ಕೆಲಸ ಮಾಡಿದ ವೈದ್ಯ ವಿ. ಎನ್. ಶಿರೋಡ್ಕರ್. ಇಂದಿಗೂ ಜಗತ್ತು ಅದನ್ನು ಅವರ ಹೆಸರಿನಿಂದಲೇ ಕರೆಯುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವುದು 1957ರ ಮ್ಯಾಕ್‌ಡೊನಾಲ್ಡ್ ವಿಧಾನ: ಬೆನ್ನಿಗೆ ಚುಚ್ಚುಮದ್ದು ಕೊಟ್ಟು, ಸಂಚಿಯ ಬಾಯಿಗೆ ದಾರ ಎಳೆದಂತೆ ಬಾಯಿಯ ಸುತ್ತ ನಾಲ್ಕೈದು ಕಡೆ ಚುಚ್ಚಿ, ಬಿಗಿದು, ಮುಂದೆ ಗಂಟು ಹಾಕಿ, ಬಿಚ್ಚಲು ಸಿಗುವಂತೆ ತುದಿ ಬಿಡುತ್ತಾರೆ. ಅರ್ಧ ತಾಸಿನ ಕೆಲಸ. ಹಾಕುವ ಮುಂಚೆ ಕೂಸಿನ ಸ್ಕ್ಯಾನಿಂಗ್, ಮೂತ್ರ ಪರೀಕ್ಷೆ ಆಗಿರಬೇಕು, ಬಿಳಿ ಮುಟ್ಟಿನ ಸೋಂಕಿದ್ದರೆ ವಾಸಿಯಾಗಿರಬೇಕು. ರಕ್ತ ಹೋಗುತ್ತಿದ್ದರೆ, ನೀರು ಒಡೆದಿದ್ದರೆ, ನೋವು ಹತ್ತಿದ್ದರೆ, ಸೋಂಕಿದ್ದರೆ ಹಾಕಬಾರದು.

ಹೊಲಿಗೆ ಹಾಕಿದವರಲ್ಲೂ ಕೆಲವರಿಗೆ ಬೇಗ ಹೆರಿಗೆಯಾಗುತ್ತದೆ. ನೂರಕ್ಕೆ ನೂರು ಎಂಬ ಮಾತು ಕೊಡುವವರನ್ನು ನಂಬಬೇಡಿ. ಕೆಳಗಿನ ಹೊಲಿಗೆ ಹಾಕಿಯೂ ಹೋಗಿದ್ದರೆ ಹೊಟ್ಟೆಯ ಮೂಲಕ ಇನ್ನೂ ಮೇಲೆ ಹಾಕುವ ಹೊಲಿಗೆ ಇದೆ. ಅದನ್ನು ಬಸಿರಿಗೆ ಮುಂಚೆ ಹಾಕಿಸುವುದು ಸಲೀಸು, ಹೆರಿಗೆ ಸಿಜೇರಿಯನ್ನೇ.

ಹೊಲಿಗಿ ಹಾಕಿದ ಮ್ಯಾಲೆ ಹೆಂಗಿರಬೇಕು?

ಎರಡು-ಮೂರು ದಿನ ಕಲೆ ಹತ್ತುವುದು ಸಹಜ. ತಾಯಿ ಕಾರ್ಡಿನ ಮೊದಲ ಪುಟದಲ್ಲಿ ದೊಡ್ಡದಾಗಿ 'ಬಾಯಿಗೆ ಹೊಲಿಗೆ ಇದೆ, ಹಾಕಿದ ದಿನಾಂಕ' ಎಂದು ಬರೆಸಿ. ಇದು ಬಹಳ ಮುಖ್ಯ. ಕುಬಸ ಮಾಡಿಸಿಕೊಂಡು ತವರಿಗೆ ಹೋದ ಮೇಲೆ ಅಲ್ಲಿನ ದಾದಿಗೆ ಹೊಲಿಗೆ ಇದೆ ಎಂದು ಗೊತ್ತಿಲ್ಲದಿದ್ದರೆ, ನೋವು ಬಂದಾಗ ಬಿಗಿದ ದಾರದ ಮೇಲೆ ಕೂಸು ಒತ್ತಿ ಬಾಯಿ ಹರಿಯುತ್ತದೆ. ನೋವು, ರಕ್ತ, ನೀರು ಯಾವುದು ಕಂಡರೂ ಹೊಲಿಗೆ ಬಿಚ್ಚಿಸಲು ತಕ್ಷಣ ಆಸ್ಪತ್ರೆ. ಏನೂ ಆಗದಿದ್ದರೆ 36-37 ವಾರಕ್ಕೆ ಬಿಚ್ಚುತ್ತಾರೆ, ಹೆಚ್ಚಿನವರಿಗೆ ಮಂಪರು ಬೇಕಾಗುವುದಿಲ್ಲ. ಬಿಚ್ಚಿದ ಕೂಡಲೇ ಹೆರಿಗೆಯಾಗುತ್ತದೆ ಎಂದೇನಿಲ್ಲ.

ಹಾಸಿಗಿ ಬಿಟ್ಟು ಏಳಬ್ಯಾಡ ಅಂತಾರ. ವಾರಕ್ಕೊಂದು ಇಂಜೆಕ್ಷನ್ನೂ ಕೊಡ್ತಾರ.

ತಿಂಗಳುಗಟ್ಟಲೆ ಮಲಗಿದ್ದರಿಂದ ಬಸಿರು ಉಳಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ, ಸ್ನಾಯು ಸೊರಗುವ, ಮನಸ್ಸು ಕುಗ್ಗುವ ಅಪಾಯವಂತೂ ಇದೆ. ಮನೆಗೆಲಸ, ನಡಿಗೆ ನಡೆಯಲಿ. ಕಬ್ಬಿನ ಹೊರೆ ಹೊರುವುದು, ಬನಹಟ್ಟಿ-ರಬಕವಿಯ ಮಗ್ಗದ ಮುಂದೆ ಇಡೀ ಪಾಳಿ ನಿಂತಿರುವುದು ಬೇರೆ ಮಾತು. ಬಾಯಿ ಸಡಿಲ ಅಥವಾ ಅರ್ಧ ಚೀಲ ಇರುವವರು ಅದನ್ನು ಬಿಡಲೇಬೇಕು, ಮನೆಯವರು ಬಿಡಿಸಲೇಬೇಕು. ಬಸ್ಸಿನ ಕುಲುಕಿನಿಂದ, ಎಳ್ಳುಬೆಲ್ಲದ 'ಉಷ್ಣ'ದಿಂದ ಚೀಲದ ಬಾಯಿ ತೆರೆಯುವುದಿಲ್ಲ.

ಬಾಯಿಯ ಉದ್ದ 25 ಮಿ.ಮೀ.ಗಿಂತ ಕಡಿಮೆಯಾದವರಿಗೆ ರಾತ್ರಿ ಯೋನಿಯಲ್ಲಿಡುವ 200 ಮಿ.ಗ್ರಾಂ ಪ್ರೊಜೆಸ್ಟರಾನ್ ಉಪಯೋಗಕ್ಕೆ ಬರುತ್ತದೆ. ವಾರಕ್ಕೊಮ್ಮೆ ಕೊಡುವ ಹೈಡ್ರಾಕ್ಸಿಪ್ರೊಜೆಸ್ಟರಾನ್ ಚುಚ್ಚುಮದ್ದಿನ ಅನುಮತಿಯನ್ನು ಅಮೆರಿಕದ ಔಷಧ ನಿಯಂತ್ರಕರು 2023ರಲ್ಲಿ, ಬೇಗ ಹೆರಿಗೆ ತಡೆಯುವುದು ಸಾಬೀತಾಗಲಿಲ್ಲವೆಂದು ಹಿಂಪಡೆದರು. ಪ್ರತಿ ಬಸುರಿಗೂ 'ಬಸಿರು ನಿಲ್ಲೋ ಇಂಜೆಕ್ಷನ್' ಎಂದು ಚುಚ್ಚುವುದು ನಿಲ್ಲಬೇಕು. ಯಾವ ಕಾರಣಕ್ಕೆ ಎಂದು ಕೇಳುವ ಹಕ್ಕು ನಿಮಗಿದೆ.

ಹಿಂದಿನ ಸಿಜೇರಿಯನ್ ಗಾಯ ತೆಳ್ಳಗೈತಿ ಅಂದ್ರ?

ಒಂದು ಹೆರಿಗೆಯಿಂದ ಮುಂದಿನ ಬಸಿರಿಗೆ ಕನಿಷ್ಠ 18 ತಿಂಗಳ ಅಂತರ ಇಡಿ. ಬಸಿರಾದಾಗ 6-8 ವಾರಕ್ಕೇ ಸ್ಕ್ಯಾನಿಂಗ್ ಮಾಡಿಸಿ, ಕೂಸು ಗಾಯದಲ್ಲೇ ಕೂತಿಲ್ಲವೆಂದು ನೋಡಿಸಿ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಾಸು ಕೆಳಗೆ, ಗಾಯದ ಮೇಲೆ ಇದೆ ಎಂದು ಬಂದರೆ ಹಗುರವಾಗಿ ಬಿಡಬೇಡಿ. ಕೆಳಮಾಸು ಇರುವವರಲ್ಲಿ ಒಂದು ಸಿಜೇರಿಯನ್ ಆಗಿದ್ದರೆ ನೂರಕ್ಕೆ ಸುಮಾರು 11, ಎರಡು ಆಗಿದ್ದರೆ ಸುಮಾರು 40 ಜನರಿಗೆ ಮಾಸು ಗೋಡೆಯೊಳಗೆ ಬೇರಿಳಿಸಿರುತ್ತದೆ. ಅಂಥ ಹೆರಿಗೆಗೆ ರಕ್ತನಿಧಿ, ಅರಿವಳಿಕೆ ತಜ್ಞರು, ಐಸಿಯು ಒಂದೇ ಸೂರಿನಡಿ ಇರಬೇಕು. ತಾಲೂಕು ಮಟ್ಟದಲ್ಲಿ ಕೈಹಾಕುವ ಕೆಲಸವಲ್ಲ.

ಸೋದರಿಕಿ ಒಳಗ ಮದುವಿ ಆಗೇವಿ. ಅದಕ್ಕ ಚೀಲ ಹಿಂಗಾತೇನು?

ಚೀಲದ ಆಕಾರದೋಷ ಹೆಚ್ಚಾಗಿ ಒಂದೇ ವಂಶವಾಹಿಯಿಂದ ಬರುವಂಥದ್ದಲ್ಲ. ಸೋದರಮಾವನನ್ನು ಮದುವೆಯಾದವರಲ್ಲಿ ಹೆಚ್ಚುವುದು ಕೂಸಿನ ಹುಟ್ಟುರೋಗಗಳ ಸಾಧ್ಯತೆ, ಅದರ ತಪಾಸಣೆಯೇ ಬೇರೆ.

'ಎರಡು ಮಕ್ಕಳಾಗ್ಯಾವು, ಚೀಲ ತೆಗಿಸಿಬಿಡ್ರಿ, ತ್ರಾಸ ತಪ್ತೈತಿ' ಅಂತಾರ.

ಮೂವತ್ತರ ಹೆಣ್ಣುಮಗಳಿಗೆ ಬಿಳಿ ಮುಟ್ಟು, ಸೊಂಟನೋವು, ಸಣ್ಣ ಗಡ್ಡೆಗೆ ಚೀಲ ತೆಗೆಸುವುದು ಚಿಕಿತ್ಸೆಯಲ್ಲ. ಬಿಳಿ ಮುಟ್ಟಿಗೆ ಸೋಂಕಿನ ಔಷಧವಿದೆ. ಹೆಚ್ಚು ರಕ್ತಸ್ರಾವಕ್ಕೆ ಟ್ರಾನೆಕ್ಸಮಿಕ್ ಆಸಿಡ್ ಗುಳಿಗೆ, ಹಾರ್ಮೋನು, ಚೀಲದೊಳಗಿಡುವ ಲೆವೊನೊರ್ಜೆಸ್ಟ್ರೆಲ್ ಸಾಧನ ಇವೆ. ಕಬ್ಬಿನ ಗ್ಯಾಂಗಿನೊಂದಿಗೆ ಮಹಾರಾಷ್ಟ್ರದ ಕಡೆ ಹೋಗುವ ಹೆಣ್ಣುಮಕ್ಕಳಿಗೆ ಮುಟ್ಟು 'ಕೆಲಸಕ್ಕೆ ಅಡ್ಡಿ' ಎಂಬ ಒತ್ತಡ ಬೇರೆ. ಅನಗತ್ಯವಾಗಿ ಚೀಲ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ರಾಜ್ಯಗಳು ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿದೆ. ಕ್ಯಾನ್ಸರ್ ಅಥವಾ ಜೀವಕ್ಕೆ ಬಂದ ರಕ್ತಸ್ರಾವ ಬಿಟ್ಟರೆ ಇನ್ನೊಬ್ಬ ವೈದ್ಯರನ್ನು ಕೇಳುವಷ್ಟು ಸಮಯ ಯಾವಾಗಲೂ ಇರುತ್ತದೆ.

ಎಲ್ಲಿಗೆ ಹೋಗಬೇಕು? ಏನೇನು ಒಯ್ಯಬೇಕು?

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ. ಹಿಂದಿನ ನಷ್ಟದ ಹಾಳೆಯನ್ನು ಅಲ್ಲೇ ತೋರಿಸಿ 'ಗಂಡಾಂತರದ ಬಸಿರು' ಎಂದು ತಾಯಿ ಕಾರ್ಡಿನಲ್ಲಿ ಗುರುತು ಮಾಡಿಸಿ. ದುರ್ಬೀನು, ಹೊಲಿಗೆ, ದಿನ ತುಂಬದ ಕೂಸಿನ ಆರೈಕೆ ಬೇಕಾದಾಗ ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ ಆಸ್ಪತ್ರೆ, ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದ ಜಿಲ್ಲಾಸ್ಪತ್ರೆ ಮತ್ತು ಬಿಎಲ್‌ಡಿಇ ಆಸ್ಪತ್ರೆಗಳ ಕಡೆ ನೋಡಬಹುದು. ಅಥಣಿ, ಕಾಗವಾಡದವರಿಗೆ ಬೆಳಗಾವಿಗಿಂತ ಮಿರಜವೇ ಹತ್ತಿರ. ನೋವು ಹತ್ತಿದಾಗ ಹುಡುಕುವ ಬದಲು ಐದನೇ ತಿಂಗಳಲ್ಲೇ ಒಂದು ಸಲ ಹೋಗಿ ಚೀಟಿ ಮಾಡಿಸಿಟ್ಟುಕೊಳ್ಳಿ.

24ರಿಂದ 34 ವಾರದ ನಡುವೆ ನೋವು ಹತ್ತಿ ನೀರು ಹೋದರೆ 108ಕ್ಕೆ ಕರೆಮಾಡಿ. ದೂರದ ಊರಾದರೆ ಹೊರಡುವ ಮುಂಚೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೂಸಿನ ಶ್ವಾಸಕೋಶ ಬಲಿಯುವ ಡೆಕ್ಸಾಮೆಥಾಸೋನ್ 6 ಮಿ.ಗ್ರಾಂ ಮೊದಲ ಚುಚ್ಚುಮದ್ದು ಹಾಕಿಸಿಕೊಳ್ಳಿ. ಒಟ್ಟು ನಾಲ್ಕು, 12 ತಾಸಿಗೊಂದು, ಉಳಿದವು ದೊಡ್ಡಾಸ್ಪತ್ರೆಯಲ್ಲಿ. ಕೊಟ್ಟ ಹೊತ್ತನ್ನು ಚೀಟಿಯ ಮೇಲೆ ಬರೆಸಿ.

ಒಯ್ಯಬೇಕಾದವು: ತಾಯಿ ಕಾರ್ಡು, ಹಳೆಯ ಎಲ್ಲ ಸ್ಕ್ಯಾನಿಂಗ್ ವರದಿ ಮತ್ತು ಎಚ್‌ಎಸ್‌ಜಿ ಫಿಲ್ಮು, ಶಸ್ತ್ರಚಿಕಿತ್ಸೆಯ ಬಿಡುಗಡೆ ಚೀಟಿ, ರಕ್ತದ ಗುಂಪು, ಬಿಪಿಎಲ್ ಮತ್ತು ಆಧಾರ್ ಕಾರ್ಡು, ರಕ್ತ ಕೊಡಬಲ್ಲ ಇಬ್ಬರು. ರಕ್ತದ ಗುಂಪು ನೆಗೆಟಿವ್ ಇದ್ದು ಬಸಿರು ಹೋಗಿದ್ದರೆ 72 ತಾಸಿನೊಳಗೆ ಆಂಟಿ-ಡಿ ಚುಚ್ಚುಮದ್ದು ಕೇಳಿ ಹಾಕಿಸಿಕೊಂಡೇ ಮನೆಗೆ ಬನ್ನಿ.